ಅದು ನಟನೆಯೇ ಅಲ್ಲವಂತೆ

ಅವಳು ರಸ್ತೆಗಿಳಿದರೆ ಸಾಕು, ಜನ ನಗುತ್ತಿದ್ದರು. ಅಪಹಾಸ್ಯದ ನಗುವಲ್ಲ, ಬಹಳ ದಿನದ ಮೇಲೆ ನೆಂಟರು ಎದುರಿಗೆ ಸಿಕ್ಕಾಗ ಬರುತ್ತದಲ್ಲ, ಅಂಥ ಸಲಿಗೆಯ ನಗು. ವರ್ಷಗಟ್ಟಲೆ ಟೀವಿಯಲ್ಲಿ ಸಂಜೆ ಸಂಜೆಗೂ ಪಕ್ಕದ ಮನೆಯವರ ಜೊತೆ ಕಾಂಪೌಂಡ್ ಗೋಡೆಯ ಮೇಲಿಂದ ಜಗಳವಾಡಿ ಅವಳಿಗೆ ಗೋಡೆಯಕ್ಕ ಎಂಬ ಹೆಸರೇ ಅಂಟಿಕೊಂಡಿತ್ತು. ತರಕಾರಿ ಅಂಗಡಿಯವನು, "ಗೋಡೆಯಕ್ಕಾ, ಇವತ್ತು ಯಾರ ಮೇಲೆ ಜಗಳ?" ಎಂದು ಕೇಳುತ್ತಿದ್ದ. "ನಿನ್ನ ಮೇಲೇನೇ. ಈ ಬದನೆಕಾಯಿ ನೋಡು, ನನಗಿಂತ ವಯಸ್ಸಾಗಿದೆ ಇದಕ್ಕೆ" ಎಂದು ಇವಳು ಸೊಂಟಕ್ಕೆ ಕೈಯಿಟ್ಟು ನಿಂತರೆ ಅಂಗಡಿ ಮುಂದಿದ್ದವರೆಲ್ಲ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು.

ಮನೆಯಲ್ಲಿ ಮಾತ್ರ ಗೋಡೆಯಕ್ಕನ ಬಾಯಿಗೆ ಕೆಲಸವಿರಲಿಲ್ಲ. ಗಂಡ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ದಿನವಿಡೀ ಕಲಿಯುವವರ ಪಕ್ಕ ಕೂತು "ಕ್ಲಚ್ಚು, ಕ್ಲಚ್ಚು" ಎಂದು ಅರಚಿ ಸಂಜೆ ಮನೆಗೆ ಬಂದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಮೊದಲು ಹಾಗಿರಲಿಲ್ಲ. ಅವರಿಗೊಬ್ಬಳು ಮಗಳಿದ್ದಳು. ಮಿಣಮಿಣ ಎಂದು ಕಣ್ಣು ಹೊಳೆಯಿಸುತ್ತಿದ್ದಳೆಂದು ಅವಳನ್ನು ಮಿಣಕಿ ಎಂದು ಕರೆಯುತ್ತಿದ್ದರು. ಜ್ವರವೆಂದು ಆಸ್ಪತ್ರೆಗೆ ಸೇರಿಸಿದ ಹುಡುಗಿ ತಿರುಗಿ ಮನೆಗೆ ಬರಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಅವಳ ಹೆಸರನ್ನು ಇವನೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ಎತ್ತಿದರೆ ಇನ್ನೊಬ್ಬರಿಗೆ ನೋವಾದೀತು ಎಂದು ಇಬ್ಬರೂ ಅಂದುಕೊಂಡರು. ಹಾಗೆ ಅಂದುಕೊಳ್ಳುತ್ತಲೇ ವರ್ಷಗಳು ಕಳೆದುಹೋದವು.

ಹೀಗಿರುವಾಗ ಒಬ್ಬ ಹೊಸ ನಿರ್ದೇಶಕ ಅವಳನ್ನು ಹುಡುಕಿಕೊಂಡು ಸ್ಟುಡಿಯೋಗೆ ಬಂದ. ಕಡ್ಡಿಯಂಥ ಮನುಷ್ಯ, ಕೈಯಲ್ಲಿ ಸುರುಳಿ ಸುತ್ತಿದ ಸ್ಕ್ರಿಪ್ಟು.

"ಅಮ್ಮಾ, ನನ್ನ ಸೀರಿಯಲ್ಲಿನಲ್ಲಿ ಒಂದು ತಾಯಿ ಪಾತ್ರ ಇದೆ. ಸ್ವಲ್ಪ ದಿನದ್ದೇ. ಮಗ ಸ್ಕೂಲಿಗೆ ಹೋಗೋವಾಗ ರಸ್ತೇಲಿ ತೀರಿಕೊಳ್ತಾನೆ. ನೀವು ಮಾಡ್ಬೇಕು."

"ನನ್ನ ಮುಖ ಕಂಡ್ರೆ ಜನ ನಗ್ತಾರಪ್ಪ."

"ಅದಕ್ಕೇ ನೀವು ಬೇಕು. ನಗೋಕೆ ಅಂತ ಬಾಯಿ ತೆರೆದವರು ಹಾಗೇ ನಿಂತುಬಿಡ್ಬೇಕು."

ಅವನಿಗೆ ಮಿಣಕಿಯ ವಿಷಯ ಗೊತ್ತಿರಲಿಲ್ಲ. ಇವಳೂ ಹೇಳಲಿಲ್ಲ. ಹೇಳಿದ್ದರೆ ಅವನು ಕಕ್ಕಾಬಿಕ್ಕಿಯಾಗಿ ಸ್ಕ್ರಿಪ್ಟನ್ನು ವಾಪಸು ಒಯ್ಯುತ್ತಿದ್ದ. ಅವಳಿಗೆ ಆ ಪಾತ್ರ ಬೇಕಿತ್ತು. ಇಷ್ಟು ವರ್ಷ ಗೋಡೆಯ ಮೇಲೆ ಮೊಣಕೈಯೂರಿ ಕಿರುಚಿದವಳಿಗೆ, ತನ್ನೊಳಗೆ ಬೇರೆ ಕೆಲಸವೂ ಇದೆ ಎಂಬುದು ಗೊತ್ತಿತ್ತು.

ಸ್ಕ್ರಿಪ್ಟಿನಲ್ಲಿ ತಾಯಿ ಎದೆ ಬಡಿದುಕೊಂಡು ಗೋಳಾಡುತ್ತಾಳೆಂದು ಬರೆದಿತ್ತು. ಅದು ಅವಳಿಗೆ ಒಗ್ಗಲಿಲ್ಲ. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಅಡುಗೆಮನೆಯ ಬಾಗಿಲು ಹಾಕಿಕೊಂಡು ಯೋಚಿಸಿದಳು. ಈ ಹೆಂಗಸು ಯಾರು? ಗಂಡ ಬೇರೆ ಊರಲ್ಲಿ ಕೆಲಸ, ಒಬ್ಬನೇ ಮಗ, ಅಚ್ಚುಕಟ್ಟಿನವಳು, ಇನ್ನೊಬ್ಬರೆದುರು ದನಿಯೆತ್ತಿ ಅಭ್ಯಾಸವಿಲ್ಲ. ತನ್ನಂಥವಳಲ್ಲವೇ ಅಲ್ಲ. ಹಾಗಾದರೆ ತಾನು ಮಾಡಿದ್ದನ್ನು ಇವಳು ಮಾಡಲಾರಳು. ತನ್ನ ದುಃಖವನ್ನು ಕೈಯಿಂದಾಚೆ ಸರಿಸಿ ಇವಳ ದುಃಖವನ್ನು ಹುಡುಕತೊಡಗಿದಳು. ಇವಳು ಮಗನ ಶರ್ಟಿಗೆ ಗುಂಡಿ ಹೊಲಿಯುತ್ತಿರಲಿ. ಹೊಲಿಯುವಾಗಲೇ ಸುದ್ದಿ ಬರಲಿ. ಆಮೇಲೆ? ಆಮೇಲೆ ಎಂಬುದಕ್ಕೇ ಎಷ್ಟೋ ಮಧ್ಯಾಹ್ನ ಹಿಡಿಯಿತು. ಸೂಜಿ ಹಿಡಿದು, ಬಿಟ್ಟು, ಉಸಿರನ್ನು ಎಲ್ಲಿ ತಡೆಯಬೇಕು, ತಲೆಯನ್ನು ಯಾವಾಗ ಎತ್ತಬೇಕು ಎಂದು ಮಾಡಿ ಮಾಡಿ ಬೆರಳ ತುದಿಯೆಲ್ಲ ಚುಚ್ಚಿಸಿಕೊಂಡಳು.

ಶೂಟಿಂಗ್ ದಿನ ಮೇಕಪ್ಪಿನವಳು ಗ್ಲಿಸರಿನ್ ಸೀಸೆ ತಂದಳು. "ಬೇಡ ಕಣಮ್ಮ, ಒಣಗಿರಲಿ ಕಣ್ಣು" ಎಂದು ಇವಳು ತಡೆದಳು.

ಸುದ್ದಿ ತರುವ ಪೊಲೀಸಿನವನ ಪಾತ್ರಕ್ಕೆ ಬಂದಿದ್ದವನು ನಾಟಕದ ಹಳೆಯ ಹುಲಿ. ಬಾಗಿಲಲ್ಲಿ ನಿಂತು ತನ್ನ ಮಾತು ಹೇಳಿದ. ಅವಳು ಕೇಳಿದಳು. ಗುಂಡಿಯ ಕೊನೆಯ ಹೊಲಿಗೆ ಹಾಕಿದಳು. ದಾರವನ್ನು ಹಲ್ಲಲ್ಲಿ ಕಡಿದಳು. ಎರಡನೆಯ ಗುಂಡಿಯೂ ಸಡಿಲವಾಗಿದೆಯೆಂದು ಬೆರಳಿಂದ ಅಲುಗಿಸಿ ನೋಡಿದಳು. ದಾರವನ್ನು ಮತ್ತೆ ಸೂಜಿಗೆ ಪೋಣಿಸಲು ಹೋದಳು, ಆಗಲಿಲ್ಲ. ಮತ್ತೊಮ್ಮೆ ಹೋದಳು. ಆಮೇಲೆ ಎದ್ದು ಬಂದು ಸೂಜಿ ದಾರ ಎರಡನ್ನೂ ಪೊಲೀಸಿನವನ ಮುಂದೆ ಹಿಡಿದಳು.

"ಸ್ವಲ್ಪ ಪೋಣಿಸಿ ಕೊಡ್ತೀರಾ? ನಂಗೆ ಕಾಣ್ತಾ ಇಲ್ಲ."

ಹೀಗೆ ಮಾಡುತ್ತಾಳೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನು ಸೂಜಿ ತೆಗೆದುಕೊಂಡ. ಆ ಹಳೆಯ ಹುಲಿಯ ಕಣ್ಣಿಂದ ಪಟಪಟನೆ ನೀರು ಉದುರಿತು. ಅವಳು ಮಾತ್ರ ಬಟ್ಟೆ ಒಣಗಿತೋ ಇಲ್ಲವೋ ಎಂದು ಕಾಯುವವಳ ಹಾಗೆ ಸುಮ್ಮನೆ ಕಾದಳು. "ಕಟ್" ಎನ್ನಬೇಕಾದ ನಿರ್ದೇಶಕ ಅದನ್ನು ಮರೆತೇಬಿಟ್ಟ. ಲೈಟಿನವರು ಮುಖ ತಿರುಗಿಸಿಕೊಂಡರು.

ಆ ಕಂತು ಬಂದ ವಾರವೇ ಒಂದು ಚಾನೆಲ್ಲಿನವರಿಗೆ ಮಿಣಕಿಯ ಸುದ್ದಿ ಎಲ್ಲಿಂದಲೋ ಸಿಕ್ಕಿತು. "ನಿಜ ಜೀವನದಲ್ಲೂ ಮಗಳನ್ನು ಕಳೆದುಕೊಂಡ ಗೋಡೆಯಕ್ಕ" ಎಂದು ದಪ್ಪಕ್ಷರದಲ್ಲಿ ಹಾಕಿ, ಹಿಂದೆ ಕರುಣೆಯ ಸಂಗೀತ ಬಿಟ್ಟರು. ಮುಗಿಯಿತು. ಅಂದಿನಿಂದ ಯಾರು ಸಿಕ್ಕರೂ ಅದೇ ಮಾತು. "ಮಗಳನ್ನ ನೆನೆಸ್ಕೊಂಡು ಮಾಡಿದ್ರಂತಲ್ಲ, ಅದಕ್ಕೇ ಅಷ್ಟು ಚೆನ್ನಾಗಿ ಬಂದಿದೆ."

ಗಂಡ ಆ ಕಂತನ್ನು ನೋಡಿರಲಿಲ್ಲ. ಮಗು ಸಾಯುವ ಕಥೆ ಎಂದು ತಿಳಿದೇ ಟೀವಿಯ ಹತ್ತಿರ ಸುಳಿದಿರಲಿಲ್ಲ. ಆದರೆ ಕಾರು ಕಲಿಯಲು ಬಂದವಳೊಬ್ಬಳು ಸ್ಟಿಯರಿಂಗ್ ಹಿಡಿದುಕೊಂಡೇ, "ಸಾರ್, ನಿಮ್ಮನೆಯವರು ಮಗಳು ಹೋದಾಗ ಹಾಗೇ ಸೂಜಿ ಕೊಟ್ರಾ?" ಎಂದು ಕೇಳಿಬಿಟ್ಟಳು. ಅವನು ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತ.

"ಇಷ್ಟು ವರ್ಷ ನನ್ನೆದುರು ಒಂದು ಹನಿ ಕಣ್ಣೀರು ಹಾಕ್ಲಿಲ್ಲ ನೀನು. ನಮ್ಮ ಮಿಣಕೀನ ತಗೊಂಡೋಗಿ ಬೀದೀಲಿ ಮಾರಿ ಬಂದ್ಯಾ?"

ಅಷ್ಟು ವರ್ಷಗಳ ಮೇಲೆ ಆ ಮನೆಯಲ್ಲಿ ಮಗಳ ಹೆಸರು ಕೇಳಿಸಿದ್ದು ಹಾಗೆ. "ಅವಳನ್ನ ನಾನು ಮುಟ್ಟೂ ಇಲ್ಲ ರೀ" ಎಂದಳು. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಕೆಲವು ದಿನಗಳ ಮೇಲೆ ಆ ವರ್ಷದ ಟೀವಿ ಪ್ರಶಸ್ತಿಯ ಅಂತಿಮ ಸುತ್ತಿಗೆ ಆಯ್ಕೆಯಾದವರ ಹೆಸರು ಬಂತು. ಉತ್ತಮ ನಟಿಯರ ಸಾಲಿನಲ್ಲಿ ಇವಳೂ ಇದ್ದಳು. ನಿರ್ದೇಶಕ ಫೋನಿನಲ್ಲೇ ಕುಣಿದ. "ಬರೆದಿಟ್ಕೊಳ್ಳಿ ಅಮ್ಮಾ, ಇದು ನಿಮ್ಮದೇ." ಅವಳು ಹೂಂ ಎಂದಳು. ಪ್ರಶಸ್ತಿಯ ಆಸೆ ಇಲ್ಲವೆಂದರೆ ಸುಳ್ಳಾದೀತು. ಆದರೆ ಅವಳ ಲೆಕ್ಕಾಚಾರ ಬೇರೆಯಿತ್ತು. ತಿಳಿದವರು ನಾಲ್ಕು ಜನ ಕೂತು "ಇದು ನಟನೆ" ಎಂದು ಹೇಳಿ ಕೈಗೆ ಕೊಟ್ಟರೆ, ಅದನ್ನು ತಂದು ಗಂಡನ ಮುಂದೆ ಇಡಬಹುದು. ನೋಡಿ, ನಾನು ಮಾರಲಿಲ್ಲ, ಮಾಡಿದೆ, ಎನ್ನಬಹುದು.

"ನೀವೂ ಬನ್ನಿ" ಎಂದು ಕರೆದಳು. ಎರಡು ದಿನ ಅವನು ಉತ್ತರಿಸಲಿಲ್ಲ. ಮೂರನೆಯ ದಿನ ತನ್ನ ಶರ್ಟನ್ನು ತಾನೇ ಇಸ್ತ್ರಿ ಮಾಡಿಕೊಂಡ.

ಸಮಾರಂಭವನ್ನು ಭಾನುವಾರದ ಪ್ರಸಾರಕ್ಕೆಂದು ಹಗಲಲ್ಲೇ ಚಿತ್ರೀಕರಿಸುತ್ತಿದ್ದರು. ಸಭಾಂಗಣದೊಳಗೆ ಹಲ್ಲು ಕಟಕಟಿಸುವಷ್ಟು ಏಸಿ. ಎಲ್ಲಿ ಚಪ್ಪಾಳೆ ತಟ್ಟಬೇಕೆಂದು ಕೈಸನ್ನೆ ಮಾಡಲು ಒಬ್ಬನಿದ್ದ. ಉತ್ತಮ ನಟಿಯ ಸರದಿ ಬಂದಾಗ ಎಲ್ಲರ ಅಭಿನಯದ ತುಣುಕುಗಳನ್ನು ದೊಡ್ಡ ಪರದೆಯ ಮೇಲೆ ತೋರಿಸಿದರು. ಇವಳದ್ದು ಬಂತು. ದಾರ ಕಡಿಯುವುದು, ಗುಂಡಿ ಅಲುಗಿಸುವುದು, ಸೂಜಿ ಚಾಚುವುದು. ಸಭೆ ಗಪ್‌ಚಿಪ್ಪಾಯಿತು. ಅವಳು ಪರದೆ ನೋಡಲಿಲ್ಲ, ಗಂಡನನ್ನು ನೋಡಿದಳು. ಅವನು ಮುಂದಕ್ಕೆ ಬಾಗಿ, ಯಾರೋ ಗುರುತಿಲ್ಲದ ಹೆಂಗಸನ್ನು ನೋಡುವ ಹಾಗೆ ಪರದೆಯ ಮೇಲಿನ ತನ್ನ ಹೆಂಡತಿಯನ್ನು ನೋಡುತ್ತಿದ್ದ.

ಪ್ರಶಸ್ತಿ ಇವಳಿಗೆ ಬರಲಿಲ್ಲ. ಅವಳಿ ಪಾತ್ರದಲ್ಲಿ ಒಬ್ಬಳಾಗಿ ಅತ್ತು ಇನ್ನೊಬ್ಬಳಾಗಿ ಅಳಿಸಿದ ನಾಯಕಿಯ ಹೆಸರು ಕೂಗಿದರು. ಕೈಸನ್ನೆಯವನು ಕೈಯೆತ್ತಿದ. ಎಲ್ಲರ ಜೊತೆ ಇವಳೂ ಚಪ್ಪಾಳೆ ತಟ್ಟಿದಳು.

ಹೊರಗೆ ಕಾಫಿ ಕುಡಿಯುವಲ್ಲಿ ತೀರ್ಪುಗಾರರಲ್ಲಿ ಹಿರಿಯರೊಬ್ಬರು ತಾವಾಗಿಯೇ ಹತ್ತಿರ ಬಂದರು. ಒಳ್ಳೆಯ ಮನುಷ್ಯ, ಮಾತಿನಲ್ಲಿ ಮರುಕವಿತ್ತು.

"ಬೇಜಾರು ಮಾಡ್ಕೋಬೇಡಿ ತಾಯಿ. ನಿಮ್ಮದು ನೋಡಿ ನಾವೆಲ್ಲ ಅತ್ತಿದ್ದೀವಿ. ಆದ್ರೆ ನಾನೇ ಹೇಳ್ದೆ, ಅದು ನಟನೆನೇ ಅಲ್ಲ. ಆ ತಾಯಿ ಅನುಭವಿಸಿದ್ದನ್ನ ಹಾಗೇ ಇಟ್ಟಿದಾರೆ. ಒಬ್ಬರ ಸಂಕಟಕ್ಕೆ ನಾವು ಮಾರ್ಕ್ಸ್ ಹಾಕೋಕಾಗುತ್ತಾ? ಅದು ಪ್ರಶಸ್ತಿಗಿಂತ ದೊಡ್ಡದು."

ಊರಿಗೆಲ್ಲ ಬಾಯಿ ಮಾಡುವ ಗೋಡೆಯಕ್ಕನಿಗೆ ಒಂದು ಮಾತೂ ಹೊರಡಲಿಲ್ಲ.

ಮಾತಾಡಿದ್ದು ಗಂಡ. ಕಾಫಿ ಲೋಟವನ್ನು ಮೇಜಿನ ಮೇಲಿಟ್ಟು ಹೇಳಿದ, "ಇಲ್ಲ ಸಾರ್. ನಾನು ಅಲ್ಲಿದ್ದೆ. ನಮ್ಮ ಮಗು ಹೋದಾಗ ಇವಳು ಹೀಗೆ ಮಾಡ್ಲಿಲ್ಲ."

"ಅಂದ್ರೆ?"

"ಮಗೂದು ಒಂದು ಚಪ್ಪಲಿ ಕಾಣ್ತಿರ್ಲಿಲ್ಲ. ಅದಕ್ಕೆ ಆಯಾ ಜೊತೆ ಜಗಳಕ್ಕೆ ನಿಂತ್ಲು. ವಾರ್ಡಿಗೆಲ್ಲ ಕೇಳೋ ಹಾಗೆ ಕಿರುಚಾಡಿದ್ಲು. ಮಂಚದ ಕೆಳಗೆ ನುಗ್ಗಿದ್ಲು, ಕಸದ ಬುಟ್ಟಿ ಬೋರಲು ಹಾಕಿದ್ಲು. 'ಯಾರೇ ಕದ್ದೋರು ನನ್ನ ಮಗಳ ಚಪ್ಪಲೀನ' ಅಂತ ಸೊಂಟಕ್ಕೆ ಕೈಯಿಟ್ಕೊಂಡು..."

ತೀರ್ಪುಗಾರರ ತುಟಿಯಂಚಿನಲ್ಲಿ ನಗು ಇಣುಕಿತು. ಬೇಕೆಂದು ನಕ್ಕಿದ್ದಲ್ಲ ಪಾಪ. ಸೊಂಟ, ಕೈ, ಚಪ್ಪಲಿ, ಜಗಳ ಎಂದ ಕೂಡಲೇ ಯಾರಿಗಾದರೂ ಕಣ್ಣೆದುರು ಬರುವುದು ಆ ಗೋಡೆಯೇ. ತಕ್ಷಣ ಕೈಯಿಂದ ಬಾಯಿ ಮುಚ್ಚಿಕೊಂಡರು. ಆದರೆ ಇಬ್ಬರೂ ನೋಡಿಯಾಗಿತ್ತು.

ಆಸ್ಪತ್ರೆಯಲ್ಲಿ ಆದದ್ದೂ ಅದೇ. ವಾರ್ಡಿನ ಬಾಗಿಲಲ್ಲಿ ಜನ ಸೇರಿದ್ದರು. "ಏಯ್ ಬನ್ರೋ, ಗೋಡೆಯಕ್ಕ ಬಂದವ್ಳೆ" ಎಂದು ಯಾರೋ ಕೂಗಿದ್ದರು. ಕರುಳು ಕಿತ್ತು ಬರುವಂತೆ ಅವಳು ಅರಚುತ್ತಿದ್ದರೆ ಹಿಂದಿನಿಂದ ಕಿಸಕ್ಕೆಂದು ನಗು ಕೇಳಿಸಿತ್ತು. ಅವಳು ತಿರುಗಿ ನೋಡಿದ್ದಳು. ಅಲ್ಲಿಗೆ ಅವಳ ಅಳು ಒಳಗೇ ಗಡ್ಡೆ ಕಟ್ಟಿತು. ಮತ್ತೆ ಹೊರಗೆ ಬರಲಿಲ್ಲ.

ವಾಪಸು ಹೋಗುವಾಗ ಕಾರನ್ನು ಗಂಡನೇ ಓಡಿಸುತ್ತಿದ್ದ. ಬಿಸಿಲು ಇನ್ನೂ ಇತ್ತು. ಸ್ಕೂಲು ಬಿಟ್ಟ ಮಕ್ಕಳು ರಸ್ತೆ ದಾಟುವಲ್ಲಿ ಅವನು ಕಾರು ನಿಲ್ಲಿಸಿದ. ಮಕ್ಕಳೆಲ್ಲ ದಾಟಿಹೋದ ಮೇಲೂ ಗೇರು ಹಾಕಲಿಲ್ಲ.

"ನೋಡ್ದೆ ಮಾತಾಡ್ಬಿಟ್ಟೆ ಕಣೇ" ಎಂದ. "ಅಲ್ಲಿ ಪರದೆ ಮೇಲಿದ್ದೋಳು ನೀನಲ್ಲ. ನನಗಿಂತ ಚೆನ್ನಾಗಿ ಅದು ಇನ್ಯಾರಿಗೆ ಗೊತ್ತು?"

ಅವಳು ಕಿಟಕಿಯಾಚೆ ನೋಡುತ್ತಲೇ ಹೇಳಿದಳು, "ಅವರು ಅಂದಿದ್ದಕ್ಕೆ ನಂಗೆ ಬೇಜಾರಿಲ್ಲ ರೀ. ಅವರು ಆಸ್ಪತ್ರೇಲಿರ್ಲಿಲ್ಲ. ನೀವಿದ್ರಿ. ನೀವೂ ಅಂದ್ರಲ್ಲ."

ಹಿಂದಿನ ಗಾಡಿಯವರು ಹಾರ್ನ್ ಹೊಡೆಯತೊಡಗಿದರು.

ಭಾನುವಾರ ಕಾರ್ಯಕ್ರಮ ಪ್ರಸಾರವಾಯಿತು. ಇಬ್ಬರೂ ಟೀವಿಯ ಮುಂದೆ ಕೂತರು. ಜಾಹೀರಾತಿಗೆ ಜಾಗ ಬೇಕಾಗಿತ್ತೋ ಏನೋ, ತುಣುಕುಗಳನ್ನೆಲ್ಲ ಕತ್ತರಿಸಿ ಬರೀ ಮುಖಗಳನ್ನು ಸರಸರನೆ ತೋರಿಸಿದರು. ಇವಳ ಮುಖ ರೆಪ್ಪೆ ಬಡಿಯುವಷ್ಟರಲ್ಲಿ ಹೋಯಿತು. ಗಂಡ ನಿರ್ದೇಶಕನಿಗೆ ಫೋನ್ ಹಚ್ಚಿದ. ಸೀರಿಯಲ್ಲು ಜನ ನೋಡುತ್ತಿಲ್ಲವೆಂದು ಅರ್ಧಕ್ಕೇ ನಿಂತಿದೆ, ಚಾನೆಲ್ಲಿನವರು ಹಳೆಯ ಕಂತುಗಳನ್ನೂ ತೆಗೆದುಬಿಟ್ಟಿದ್ದಾರೆ, ತನ್ನ ಹತ್ತಿರವೂ ಇಲ್ಲ ಎಂದ ಅವನು. ಅವನ ದನಿಯೂ ಸತ್ತುಹೋಗಿತ್ತು.

ಗಂಡ ಫೋನಿಟ್ಟು ಟೀವಿ ಆರಿಸಿದ. ಆಮೇಲೆ ಸಂಕೋಚದಿಂದ, ಹೊಸದಾಗಿ ಮದುವೆಯಾದವನು ಕೇಳುವ ಹಾಗೆ ಕೇಳಿದ, "ನಂಗೊಂದ್ಸಲ ಮಾಡಿ ತೋರ್ಸ್ತೀಯಾ?"

ಅವಳು ಅವನನ್ನೇ ನೋಡಿದಳು. ಇಷ್ಟು ವರ್ಷದಲ್ಲಿ ಅವನು ಅವಳ ಕೆಲಸದ ಬಗ್ಗೆ ಕೇಳಿದ ಮೊದಲ ಮಾತು ಅದು. ಎದ್ದು ಸೂಜಿ ದಾರ ತಂದಳು, ಅವನದೇ ಒಂದು ಶರ್ಟು ತಂದಳು. ಕುರ್ಚಿಯಲ್ಲಿ ಕೂತು ಗುಂಡಿ ಹಿಡಿದಳು. ಹಾಗೇ ಕೂತಳು. ಕೈ ಮುಂದಕ್ಕೆ ಹೋಗಲಿಲ್ಲ.

"ಆಗಲ್ಲ ರೀ" ಎಂದಳು.

"ಯಾಕೆ?"

"ಆವಾಗ ಇದು ಆ ಪಾತ್ರದ ಹೆಂಗಸಿನದಾಗಿತ್ತು. ಪೂರ್ತಿ ಅವಳದ್ದೇ. ಮಿಣಕೀನ ನಾನು ಹತ್ತಿರಕ್ಕೂ ಬಿಟ್ಕೊಂಡಿರ್ಲಿಲ್ಲ. ಎಲ್ಲಾರೂ ಹೇಳಿ ಹೇಳಿ, ಹೇಳಿ ಹೇಳಿ, ಈಗ ಸೂಜಿ ಹಿಡಿದ್ರೆ ಮಿಣಕೀನೇ ಬಂದು ನಿಂತ್ಕೋತಾಳೆ. ಇನ್ನು ಇದು ನಟನೆ ಆಗಲ್ಲ."

ಹೇಳುತ್ತಾ ಹೇಳುತ್ತಾ ಅವಳ ದನಿ ಒಡೆಯಿತು. ಆಸ್ಪತ್ರೆಯಲ್ಲಿ ಗಡ್ಡೆ ಕಟ್ಟಿದ್ದು ಅಂದು ಕರಗಿತು. ಸೊಂಟಕ್ಕೆ ಕೈಯಿಲ್ಲ, ಕಿರುಚಾಟವಿಲ್ಲ, ನೋಡುವಂಥದ್ದೂ ಏನಿರಲಿಲ್ಲ. ಮೂಗು ಸೋರಿಸಿಕೊಂಡು ಮುಖ ವಿಕಾರ ಮಾಡಿಕೊಂಡು ಬಿಕ್ಕಿದಳು. ಅವನು ಅವಳ ಮಡಿಲಲ್ಲಿದ್ದ ಶರ್ಟನ್ನೇ ತೆಗೆದು ಮುಖ ಒರೆಸಿದ.

ಆಮೇಲೆ ಅವಳಿಗೆ ಗಂಭೀರ ಪಾತ್ರಗಳು ಬಂದವು. ಬಂದವೆಲ್ಲ ಮಗು ಸತ್ತ ತಾಯಂದಿರೇ. "ನೀವು ಏನೂ ಮಾಡೋದು ಬೇಡಮ್ಮ, ಸುಮ್ನೆ ನಿಂತ್ಕೊಂಡ್ರೆ ಸಾಕು" ಎಂದು ಒಬ್ಬ ನಿರ್ಮಾಪಕ ದೊಡ್ಡ ಮನಸ್ಸಿನಿಂದ ಹೇಳಿದ. ಅವಳು ಎಲ್ಲಕ್ಕೂ ಕೈಮುಗಿದು ಒಲ್ಲೆನೆಂದಳು. ನಿಧಾನಕ್ಕೆ ಅವರೂ ಕೇಳುವುದನ್ನು ಬಿಟ್ಟರು. ಅವಳೊಳಗಿದ್ದ ಇನ್ನುಳಿದ ಹೆಂಗಸರು, ಬದುಕಿರುವ ಮಕ್ಕಳ ತಾಯಂದಿರು, ಮಕ್ಕಳೇ ಇಲ್ಲದವರು, ಕೆಟ್ಟವರು, ಮೋಸಗಾತಿಯರು, ಯಾರೂ ಹೊರಗೆ ಬರಲೇ ಇಲ್ಲ. ಅವಳು ಆ ಗೋಡೆಯ ಕೆಲಸಕ್ಕೇ ಮರಳಿದಳು, ಆ ಸೀರಿಯಲ್ಲು ನಿಲ್ಲುವವರೆಗೂ ಒಂದು ದಿನ ತಪ್ಪಿಸಲಿಲ್ಲ. ದಿನಾ ಬೆಳಿಗ್ಗೆ ಗಂಡ ಅವಳನ್ನು ಸ್ಟುಡಿಯೋದ ಗೇಟಿಗೆ ಬಿಡುತ್ತಿದ್ದ. ಇಳಿಯುವ ಮುಂಚೆ ಕಾರಿನ ಕನ್ನಡಿಯನ್ನು ತನ್ನ ಕಡೆ ತಿರುಗಿಸಿಕೊಂಡು ಅವಳು ಜನರನ್ನು ನಗಿಸುವ ಮುಖ ಮಾಡಿಕೊಳ್ಳುವುದನ್ನು, ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು, ಅವನು ಆಗ ನೋಡತೊಡಗಿದ.