ಸೋಲಬೇಕಿದ್ದ ಪದ್ಯ

ರೇಷ್ಮೆ ಬಟ್ಟೆ ಹೊದಿಸಿದ ವೀಳ್ಯದ ತಟ್ಟೆಯನ್ನು ಚಾಪೆಯ ನಡುವೆ ಇಟ್ಟಾಗ ನಾನು ಪರದೆಯ ಹಿಂದೆ ಕುಳಿತಿದ್ದೆ. ನಮ್ಮ ಮಲಯ ನಾಡಿನ ಮನೆಗಳಲ್ಲಿ ಹೆಣ್ಣು ಕೇಳಲು ಗಂಡು ಬರುವುದಿಲ್ಲ. ಅವನ ಪರವಾಗಿ ಮಾತು ಬಲ್ಲವನೊಬ್ಬ ಬಂದು ಪದ್ಯದಲ್ಲಿ ಕೇಳುತ್ತಾನೆ. ಹೆಣ್ಣಿನ ಕಡೆಯವರು ಪದ್ಯದಲ್ಲೇ ಕೆಣಕುತ್ತಾರೆ. ಉತ್ತರ ಹೊಳೆಯದೆ ಅವನ ಬಾಯಿ ಕಟ್ಟಿತೋ, ತಟ್ಟೆ ಬಂದ ದಾರಿಯಲ್ಲೇ ವಾಪಸ್ಸು.

ದೋಣಿ ಒಡೆಯರ ಮಗ ಹಮ್ದಾನನ ಪರವಾಗಿ ಬಂದವನು ಇದ್ರುಸ್. ಊರೂರು ಅಲೆದು ರಾಜಕುಮಾರಿಯರ ಪ್ರೇಮಕತೆ ಹೇಳಿ ಹೊಟ್ಟೆ ಹೊರೆಯುವವನು. ನಾನು ಪ್ರೀತಿಸಿದ್ದು ಅವನನ್ನು. ಹಿಂದಿನ ದಿನ ಬಾವಿಕಟ್ಟೆಯ ಬಳಿ ಹೇಳಿದ್ದ: "ನಾನು ಒಲ್ಲೆ ಅಂದ್ರೆ ಬೇರೆಯವನನ್ನ ಕಳಿಸ್ತಾರೆ, ಅವನು ಗೆದ್ದುಬಿಡ್ತಾನೆ. ನಾನೇ ಹೋಗಿ ಸೋಲ್ತೀನಿ. ನೀನು ಧೈರ್ಯವಾಗಿರು."

ನಮ್ಮ ಕಡೆಯಿಂದ ಕೆಣಕುವವಳು ದೊಡ್ಡತ್ತೆ. ನಮ್ಮಿಬ್ಬರ ವಿಷಯ ಅವಳೊಬ್ಬಳಿಗೆ ಗೊತ್ತಿತ್ತು. ಇದ್ರುಸ್ ಹೇಳಿದಂತೆಯೇ ತಡವರಿಸತೊಡಗಿದ. "ಏನಪ್ಪಾ, ಕತೆಗಾರರ ಗಂಟಲಿಗೆ ಮೀನಿನ ಮುಳ್ಳು ಸಿಕ್ಕಿತೋ?" ಎಂದು ನಮ್ಮ ಕಡೆಯ ಮುದುಕರೊಬ್ಬರು ಛೇಡಿಸಿದರು. ಅವನು ಸೋಲಲೆಂದೇ ಅತ್ತೆ ದಾರಿ ಮಾಡಿಕೊಟ್ಟಳು:

"ತೀರದಲ್ಲಿ ತೆಂಗಿನ ಸಾಲು,
ಗಾಳಿಗೆ ಗರಿ ಬಾಗಿದೆ;
ಬೇಡಲು ಬಂದ ಕೈಗಳ ಹಿಂದೆ
ಯಾರ ಮನಸ್ಸು ಕಾದಿದೆ?"

ಇದ್ರುಸ್ ಸುಮ್ಮನಾದ. ನಾನು ಪರದೆಯ ಅಂಚು ಹಿಡಿದು ಕುಳಿತೆ. ಅಷ್ಟರಲ್ಲಿ ಆ ಮುದುಕರು ಮತ್ತೆ ನಕ್ಕುಬಿಟ್ಟರು. ಇದ್ರುಸನ ಮುಖ ಕೆಂಪಾದದ್ದು ಸಂದಿನಿಂದ ಕಂಡಿತು. ಅವನು ತಲೆಯೆತ್ತಿದ:

"ಬಲೆ ಒಣಗಿದ ಮರಳ ಮೇಲೆ
ಬೆಳದಿಂಗಳು ಹರಡಿದೆ;
ಕಳಿಸಿದವನ ಮನಸ್ಸೇ ಇಲ್ಲಿ
ನನ್ನ ಬಾಯಲಿ ನುಡಿದಿದೆ."

"ಭೇಷ್!" ಎಂದು ಚಾವಡಿಯೇ ಕೂಗಿತು. ಇದ್ರುಸನೂ ನಕ್ಕ, ಗೆದ್ದವನ ನಗು. ಆಮೇಲೆ ಪರದೆಯ ಕಡೆ ನೋಡಿದ. ಆಗ ನಗು ನಿಂತಿತು. ದೊಡ್ಡತ್ತೆ ವೀಳ್ಯದ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು. ಪದ್ಯಕ್ಕೆ ಉತ್ತರ ಬಂದ ಮೇಲೆ ತಟ್ಟೆ ಸ್ವೀಕರಿಸದೆ ಅವಳಿಗೆ ಬೇರೆ ದಾರಿ ಇರಲಿಲ್ಲ.

ನನಗೆ ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿನ ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು. ಅಪ್ಪ ಪರದೆ ಸರಿಸಿ, ಬಗ್ಗಿ ಕೇಳಿದರು: "ಒಪ್ಪಿಗೆಯೇನಮ್ಮಾ? ಇಲ್ಲ ಅನ್ನೋದಿದ್ರೆ ಈಗಲೇ ಹೇಳಿಬಿಡು ಮಗಳೇ, ನಾನಿದ್ದೀನಿ."

ಇಲ್ಲ ಎನ್ನಬಹುದಿತ್ತು. ಯಾರಿಗಾಗಿ ಎನ್ನಬೇಕೆಂದು ತೋಚಲಿಲ್ಲ. ನಾಲಿಗೆ ಏಳಲೇ ಇಲ್ಲ.

ನಮ್ಮಲ್ಲಿ ಹೆಣ್ಣು ಮಾತಾಡದಿದ್ದರೆ ಒಪ್ಪಿದಳೆಂದೇ ಲೆಕ್ಕ. ಅಪ್ಪ ನನ್ನ ತಲೆ ಸವರಿ ಹೊರಗೆ ಹೋಗಿ, "ನಾಚ್ಕೊಂಡಿದ್ದಾಳೆ" ಎಂದು ಎಲ್ಲರಿಗೂ ಹೇಳಿದರು.