ಅವರ ಹೊಗೆಗೆ ನಮ್ಮ ಗೋಮಾಳ

“ಒಲೆ ಆರ್ಸಲೇ ಲೌಡಿ. ಸಾಹೇಬ್ರು ಬರೋ ಹೊತ್ನಾಗೆ ಹೊಗೆ ಎಬ್ಬಿಸ್ತೀಯ?”

ಊರ ಗೌಡ ಷಣ್ಮುಖಪ್ಪ ಕಾಲೆತ್ತಿ ಒಲೆ ಮೇಲಿನ ಮಡಕೆಗೆ ಒದ್ದ. ನನ್ನತ್ತೆ ಮೂಕಮ್ಮ ತಿರುವುತ್ತಿದ್ದ ಮುದ್ದೆ ಮಣ್ಣುಪಾಲಾಯಿತು. ಗಿಡ ನೆಡಲು ಕೂಲಿಗೆ ಬಂದಿದ್ದ ನಾವು ಕೇರಿಯ ಹೆಂಗಸರು ನೋಡುತ್ತ ನಿಂತೆವು. ಅವನ ಕಾಲು ಮುರಿಯಬೇಕೆನಿಸಿತು. ಹೆದರಿಕೆಯೂ ಆಯಿತು, ಸುಳ್ಳೇಕೆ ಹೇಳಲಿ.

ಬಿಳಿಚೋಡು ಊರಾಚೆಯ ಈ ಗೋಮಾಳದಲ್ಲಿ ನಮ್ಮ ಆಡು ಮೇಯುತ್ತಿದ್ದವು. ಷಣ್ಮುಖಪ್ಪ ಮುಂದೆ ನಿಂತು ಇದನ್ನು ಪರದೇಶದ ದುಡ್ಡಲ್ಲಿ ಗಿಡ ನೆಡಿಸುವ ಯಾವುದೋ ಕಂಪನಿಗೆ ಕೊಡಿಸಿದ. ಸುತ್ತ ತಂತಿ ಬಂತು. ದೊಡ್ಡಿಯಲ್ಲೇ ಕೂಡಿದ ಆಡುಗಳು ಬಡಕಲಾದವು. ಅತ್ತೆಯ ಹಾಲಿನ ಆಡು ಮೊನ್ನೆ ಮಲಗಿದ್ದು ಏಳಲೇ ಇಲ್ಲ.

ಅಷ್ಟರಲ್ಲಿ ಕಾರು ಬಂತು. ಕಂಪನಿಯ ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಇಳಿದ.

“ನೋಡಮ್ಮ, ಹೊಗೆಯಿಂದ ಭೂಮಿ ಬಿಸಿಯಾಗ್ತಿದೆ. ಹೊಗೆ ಕಮ್ಮಿ ಮಾಡ್ತೀವಿ ಅಂತ ನಮ್ಮ ದೇಶ ಜಗತ್ತಿಗೇ ಮಾತು ಕೊಟ್ಟಿದೆ.”

“ನಾವು ಕಮ್ಮಿ ಮಾಡಿದ್ರೆ ಮಳೆ ನೆಟ್ಟಗೆ ಬರ್ತೈತೇನ್ರಿ?” ಅತ್ತೆ ಕೇಳಿದಳು.

“ಒಂದೇ ದೇಶದಿಂದ ಆಗಲ್ಲ. ಎಲ್ಲರೂ ಕಮ್ಮಿ ಮಾಡಬೇಕು.”

“ಈ ಗಿಡಕ್ಕೆ ದುಡ್ಡು ಕೊಡೋ ಪರದೇಶದೋರು ಕಮ್ಮಿ ಮಾಡ್ತಾರಾ?”

ಅಧಿಕಾರಿ ಷಣ್ಮುಖಪ್ಪನ ಮುಖ ನೋಡಿದ. “ಅವರ ಕಾರ್ಖಾನೆ ನಡೀತದೆ. ಗಿಡ ಹೊಗೆ ಹೀರ್ತವೆ ಅಂತ, ಅದರ ಹೊಗೆಗೆ ಬದಲಾಗಿ ಈ ಗಿಡಗಳನ್ನ ಲೆಕ್ಕಕ್ಕೆ ತೋರಿಸ್ತಾರೆ.”

“ಅಂದ್ರೆ ಅವರ ಬೆಂಕಿ ಉರಿಯಾಕೆ ನನ್ನ ಒಲೆ ಆರಬೇಕು. ಗೌಡ್ರ ಅಡಿಕೆ ಬೇಯ್ಸೋ ಒಲೆ ಮಾತ್ರ ಆರಂಗಿಲ್ಲ.”

“ಮುಚ್ಕಂಡು ಗಿಡ ನೆಡಲೇ, ಸೂಳೆ. ನಿನ್ನ ಆಡು ಸತ್ತಿದ್ದೇ ಒಳ್ಳೇದಾತು. ಉಳಿದವೂ ಸಾಯ್ಲಿ,” ಎಂದ ಷಣ್ಮುಖಪ್ಪ.

ಅತ್ತೆ ತೆರೆದಿದ್ದ ಗೇಟಿನತ್ತ ನೋಡಿ, ಆಮೇಲೆ ನನ್ನನ್ನು ನೋಡಿದಳು, ಅಷ್ಟೇ. ನಾನು ಕೇರಿಗೆ ಓಡಿ ಎಲ್ಲ ದೊಡ್ಡಿಗಳ ಬಾಗಿಲು ತೆಗೆದೆ.

ಕಾರಿಗೆಂದು ತೆಗೆದ ಗೇಟನ್ನು ಯಾರೂ ಮುಚ್ಚಿರಲಿಲ್ಲ. ಅತ್ತೆ ಸಸಿಗಳ ನಡುವೆ ನಿಂತು, ಸೊಪ್ಪು ಕಡಿದಾಗ ಆಡುಗಳನ್ನು ಕರೆಯುವ ಕೂಗು ಹಾಕಿದಳು. ಆ ಕೂಗು ಕೇಳಿದರೆ ಹಸಿದ ಆಡಿಗೆ ತಂತಿಯೂ ಕಾಣದು, ಗೌಡನೂ ಕಾಣನು. ಇಡೀ ಕೇರಿಯ ಮಂದೆ ನನ್ನನ್ನು ದಾಟಿ ಒಳನುಗ್ಗಿತು.

ಷಣ್ಮುಖಪ್ಪ ಕೋಲೆತ್ತಿಕೊಂಡು ಓಡಿಬಂದ. ಹೆಂಗಸರು ಗುದ್ದಲಿ ಹಿಡಿದು ಅಡ್ಡ ನಿಂತರು. ಯಾರೂ ಅವರಿಗೆ ಹೇಳಿರಲಿಲ್ಲ.

“ಪೊಲೀಸರನ್ನ ಕರೀರಿ ಸಾಹೇಬ್ರೆ,” ಎಂದು ಅವನು ಒದರಿದ.

“ಕರೀರಿ,” ಎಂದಳು ಅತ್ತೆ. “ಅವರು ಬರೋಗಂಟ ಮೇಯ್ತಾವೆ.”

ನಾನೂ ಒಳಬಂದು ಗೇಟು ಎಳೆದು ಸರಪಳಿ ಬಿಗಿದೆ. ಅತ್ತೆ ಮಣ್ಣಲ್ಲಿ ಬಿದ್ದ ಮುದ್ದೆಯನ್ನು ಎತ್ತಿ ಷಣ್ಮುಖಪ್ಪನ ಎದುರು ಹಿಡಿದು, “ತಿನ್ನು,” ಎಂದಳು.