ಕೆಲೆಪಿಯ ಬಿ.ಪಿ.

ನನ್ನ ಗಂಡ ಕೆಲೆಪಿ ಹಾಪೈ ದ್ವೀಪಗಳ ನಡುವೆ ಜನರನ್ನೂ ಹಂದಿಗಳನ್ನೂ ಸಾಗಿಸುವ ದೋಣಿ ನಡೆಸುತ್ತಾನೆ. ತೂಕ ನೂರ ನಲವತ್ತೆರಡು ಕೆ.ಜಿ. ಇತ್ತು. ತಿಂಗಳಿಗೊಮ್ಮೆ ಬರುವ ಡಾಕ್ಟರು ಅವನಿಗೆ ಐದು ತಿಂಗಳ ಗಡುವು ಕೊಟ್ಟರು. ತೂಕ ಇಳಿಸಬೇಕು, ಎರಡು ಮಾತ್ರೆ ತಪ್ಪಿಸಬಾರದು, ಬಿ.ಪಿ.ಯ ಮೇಲಿನ ಅಂಕಿ ನೂರ ನಲವತ್ತರ ಕೆಳಗೆ ಬರಬೇಕು. ಬಾರದಿದ್ದರೆ ದೋಣಿ ನಡೆಸುವ ಪರವಾನಗಿ ಪತ್ರಕ್ಕೆ ಸಹಿ ಇಲ್ಲ.

ಅಂದಿನಿಂದ ನಾನು ಪೊಲೀಸಾದೆ. ಉಪ್ಪು ಹಾಕಿದ ಮಾಂಸ ಬಂದ್, ಡಬ್ಬಿ ಮಾಂಸ ಬಂದ್. ಭಾನುವಾರ ಕೆಸುವಿನ ಎಲೆಯಲ್ಲಿ ಸುತ್ತಿ ಬೇಯಿಸುವ ‘ಲೂ’ ಅಡುಗೆಗೆ ಮೀನು ಮಾತ್ರ, ತೆಂಗಿನ ಹಾಲು ಎರಡೇ ಚಮಚ. ದಿನಾ ಸಂಜೆ ಅವನ ಬಾಯಿ ತೆರೆಸಿ ಮೂಸಿ ನೋಡುತ್ತಿದ್ದೆ. ಹದಿಮೂರು ಕೆ.ಜಿ. ಇಳಿಯಿತು. ಆದರೆ ಕ್ಲಿನಿಕ್ಕಿನ ಚೀಟಿಯಲ್ಲಿ ಮಾತ್ರ ನೂರ ಎಪ್ಪತ್ತು, ಮುಂದಿನ ತಿಂಗಳು ನೂರ ಎಪ್ಪತ್ತಾರು! ನನಗೆ ತಲೆ ಕೆಟ್ಟುಹೋಯಿತು. ದೋಣಿಗಿಳಿದು ಬಲೆಗಳ ಕೆಳಗೆಲ್ಲ ಡಬ್ಬಿ ಹುಡುಕಿದೆ.

"ಕದ್ದು ತಿಂತಿದೀಯ ನೀನು," ಎಂದೆ.

"ದೇವರಾಣೆ ಇಲ್ಲ ಲುಪೆ," ಎಂದ. ನಾನು ನಂಬಲಿಲ್ಲ.

ಗಡುವಿನ ದಿನ ಕ್ಲಿನಿಕ್ಕಿಗೆ ಅವನ ಬೆನ್ನಿಗೇ ಹೋದೆ. ಹೊಸ ನರ್ಸ್ ಲೋಸೇಲಿ ಒಳಗೆ ಬಂದಳು. ಕೆಲೆಪಿಯ ಕುತ್ತಿಗೆ ಬೆವರಿತು. ಇಬ್ಬರೂ ನೆಲ ನೋಡುತ್ತಿದ್ದರು. ಅವಳು ಅವನ ಚರ್ಮಕ್ಕೆ ಬೆರಳು ತಾಗದಂತೆ ಅಂಗಿಯ ತೋಳಿನ ಮೇಲೇ ಸಣ್ಣ ಪಟ್ಟಿಯೊಂದನ್ನು ಸುತ್ತಿ, ಮುಖ ಆಚೆ ತಿರುಗಿಸಿ ಗುಂಡಿ ಒತ್ತಿದಳು. ನೂರ ಎಪ್ಪತ್ತೆಂಟು.

ನಮ್ಮೂರಲ್ಲಿ ಗಂಡಸು ಹೀಗೆ ಬೆವರುವುದು ಯಾರೆದುರಿಗೆಂದು ನನಗೆ ಗೊತ್ತಿಲ್ಲವೇ!

"ಏನಮ್ಮಾ, ನಿಮ್ಮಪ್ಪ ಯಾರು?"

ಅವಳ ಕಣ್ಣು ತುಂಬಿತು. "ವವಾಉ ದ್ವೀಪಕ್ಕೆ ಹೋಗಿ ನೆಲೆ ನಿಂತ್ರಲ್ಲ, ಅವರೇ... ಅತ್ತಿಗೆ."

ಕೆಲೆಪಿಯ ಚಿಕ್ಕಪ್ಪನ ಮಗಳು! ತಂಗಿ! ಪ್ರಾಯಕ್ಕೆ ಬಂದ ಮೇಲೆ ಅಣ್ಣ ತಂಗಿ ಒಂದು ಕೋಣೆಯಲ್ಲಿ ಕೂರದ ಊರಿನಲ್ಲಿ, ಇವನು ತಿಂಗಳು ತಿಂಗಳು ಅವಳೆದುರು ತೋಳು ಚಾಚಿದ್ದಾನೆ. ಬಿ.ಪಿ. ಏರದೆ ಇನ್ನೇನು!

"ಬಾಯಿ ಬಿಡೋಕೇನಾಗಿತ್ತು ನಿಂಗೆ?"

"ಬಿಟ್ಟಿದ್ರೆ ನೀನು ಇಡೀ ದ್ವೀಪಕ್ಕೆ ಕೇಳೋ ಹಾಗೆ ಕೂಗಾಡ್ತಿದ್ದೆ," ಎಂದ ಕೆಲೆಪಿ ಮೆಲ್ಲಗೆ. "ಆಯಮ್ಮನಿಗೆ ಅವಮಾನ. ಕೆಲಸಕ್ಕೆ ಬಂದು ಇನ್ನೂ ಐದು ತಿಂಗಳು."

ಕೂಗಾಡುತ್ತಿದ್ದೆ, ನಿಜ.

ಲೋಸೇಲಿ ಜಗುಲಿಗೆ ಹೋಗಿ ಕಿಟಕಿಗೆ ಬೆನ್ನು ಹಾಕಿ ನಿಂತಳು. "ಅತ್ತಿಗೆ, ನೀವೇ ಕಟ್ಟಿ. ಅಂಗಿ ತೆಗೆಸಿ, ಆ ದೊಡ್ಡ ಪಟ್ಟಿ ತಗೊಳ್ಳಿ. ಅವರು ಬೆನ್ನು ಒರಗಿಸಿ, ಪಾದ ನೆಲಕ್ಕೂರಿ ಕೂರಲಿ. ಐದು ನಿಮಿಷ ಯಾರೂ ಮಾತಾಡಬಾರದು."

"ಯಾರೂ ಅಂದ್ರೆ?"

"ನೀವೂನೂ, ಅತ್ತಿಗೆ."

ಕೆಲೆಪಿಗೆ ನಗು ಬಂತು. ಐದು ತಿಂಗಳಲ್ಲಿ ನಾನು ಕಂಡ ಮೊದಲ ನಗು. ಅವನ ಉಪವಾಸಕ್ಕಿಂತ ನನ್ನ ಆ ಐದು ನಿಮಿಷ ಕಷ್ಟದ್ದಾಗಿತ್ತು. ಆಮೇಲೆ ಗುಂಡಿ ಒತ್ತಿದೆ.

"ಎಷ್ಟು ಅತ್ತಿಗೆ?"

"ನೂರ ಮೂವತ್ತೆರಡು."

ಜಗುಲಿಯಲ್ಲಿ ಅವಳು ಬಿಕ್ಕಿದ್ದು ಕೇಳಿಸಿತು. ನನ್ನ ಎದೆಯ ಮೇಲಿದ್ದ ಬಂಡೆ ಇಳಿಯಿತು. ಹನ್ನೊಂದಕ್ಕೆ ಬಂದ ಡಾಕ್ಟರು ತಾವೇ ಎರಡು ಸಲ ಅಳೆದರು. ಎರಡು ಸಲವೂ ನೂರ ನಲವತ್ತರೊಳಗೇ ಬಂತು. ಸೇರಿಸಬೇಕೆಂದಿದ್ದ ಮೂರನೆಯ ಮಾತ್ರೆಯ ಮಾತು ಬಿಟ್ಟರು, ಇರುವ ಎರಡನ್ನು ಬಿಡಬೇಡ ಎಂದರು, ಸಹಿ ಹಾಕಿದರು. ಇನ್ನು ಮನೆಯಲ್ಲೇ ಅಳೆಯಿರಿ ಎಂದು ಯಂತ್ರವೊಂದನ್ನು ನನ್ನ ಕೈಗಿತ್ತರು.

ಸಂಜೆ ಕೆಲೆಪಿ ದೋಣಿ ಕಟ್ಟಿ ಬಂದ. ಬಾಗಿಲಲ್ಲೇ ನಿಂತು, ರೂಢಿಯಂತೆ, ಮೂಸಲೆಂದು ಬಾಯಿ ತೆರೆದ.

ನಾನು ಅಂಗೈಯಿಂದ ಅವನ ಬಾಯಿ ಮುಚ್ಚಿದೆ. ತಪ್ಪಾಯಿತು ಎನ್ನಲು ಹೊರಟೆ. ಜೀವಮಾನದಲ್ಲಿ ಮೊದಲ ಸಲ ನನಗೆ ಮಾತು ಬರಲಿಲ್ಲ.